ನಕ್ಷತ್ರದ ನಡುಕದಲ್ಲಿ ಗ್ರಹದ ಅಳತೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹಗಳ ಬಗ್ಗೆ ಬರೆದಿದ್ದೆ. ಅದರಲ್ಲಿ ಒಂದು ಸಾಲು ಹೀಗಿತ್ತು: ನಕ್ಷತ್ರಗಳು ಒಳಗೊಳಗೇ ನಡುಗುತ್ತಿರುತ್ತವೆ, ಆ ನಡುಕವನ್ನು ಅಳೆದರೆ ಅವುಗಳ ಗ್ರಹದ ಗಾತ್ರವೂ ವಯಸ್ಸೂ ಗೊತ್ತಾಗುತ್ತದೆ. ಆ ಒಂದು ಸಾಲನ್ನೇ ಹಿಡಿದುಕೊಂಡು ಮೈಸೂರು, ಮಂಡ್ಯ ಕಡೆಯಿಂದ ತುಂಬಾ ಪತ್ರ ಬಂದಿವೆ. ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ.

ಪ್ರಶ್ನೆ: ಗ್ರಹದ ಬಗ್ಗೆ ತಿಳಿಯಲು ಹೊರಟವರು ನಕ್ಷತ್ರದ ಹಿಂದೆ ಯಾಕೆ ಬೀಳಬೇಕು? ಗ್ರಹವನ್ನೇ ನೇರವಾಗಿ ಅಳೆಯಬಾರದೇ?
(ನಿವೃತ್ತ ಶಿಕ್ಷಕರು, ಕುವೆಂಪುನಗರ, ಮೈಸೂರು)

ಅಳೆಯಲು ಗ್ರಹ ಕಾಣಬೇಕಲ್ಲ ಸರ್. ಇದುವರೆಗೆ ಸಿಕ್ಕಿರುವ ಗ್ರಹಗಳಲ್ಲಿ ಬಹುಪಾಲನ್ನು ಯಾರೂ ಕಣ್ಣಾರೆ ಕಂಡಿಲ್ಲ. ಗ್ರಹ ತನ್ನ ನಕ್ಷತ್ರದ ಮುಂದೆ ಅಡ್ಡ ಹಾದಾಗ ನಕ್ಷತ್ರದ ಬೆಳಕು ಚೂರು ಕಮ್ಮಿಯಾಗುತ್ತದೆ. ಎಷ್ಟು ಕಮ್ಮಿಯಾಯಿತು ಅನ್ನುವುದಷ್ಟೇ ನಮ್ಮ ಕೈಗೆ ಸಿಗುವುದು. ಗುರು ಗ್ರಹದಷ್ಟು ದೊಡ್ಡದು ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ನೂರರಲ್ಲಿ ಒಂದು ಪಾಲು ಬೆಳಕು ಕಮ್ಮಿಯಾಗುತ್ತದೆ, ಭೂಮಿಯಷ್ಟು ಚಿಕ್ಕದಾದರೆ ಹತ್ತು ಲಕ್ಷದಲ್ಲಿ 84 ಪಾಲು ಮಾತ್ರ.

ಆದರೆ ಈ ಲೆಕ್ಕದಿಂದ ಗೊತ್ತಾಗುವುದು ಗ್ರಹ ತನ್ನ ನಕ್ಷತ್ರಕ್ಕಿಂತ ಎಷ್ಟು ಪಟ್ಟು ಚಿಕ್ಕದು ಅನ್ನುವುದು ಮಾತ್ರ. ನಕ್ಷತ್ರ ಎಷ್ಟು ದೊಡ್ಡದು ಅಂತ ಗೊತ್ತಿಲ್ಲದಿದ್ದರೆ ಗ್ರಹ ಎಷ್ಟು ದೊಡ್ಡದು ಅಂತಲೂ ಗೊತ್ತಾಗುವುದಿಲ್ಲ. ನಕ್ಷತ್ರದ ಅಳತೆಯಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಗ್ರಹದ ಅಳತೆಯಲ್ಲೂ ಹತ್ತು ತಪ್ಪುತ್ತದೆ. ಅಲ್ಲಿಗೇ ಮುಗಿಯಲಿಲ್ಲ. ಗ್ರಹದ ಘನಗಾತ್ರ ಲೆಕ್ಕ ಹಾಕುವಾಗ ಅಗಲದ ಅಂಕಿಯನ್ನು ಮೂರು ಸಲ ಗುಣಿಸುತ್ತೇವೆ, ಹಾಗಾಗಿ ತಪ್ಪು ನೂರಕ್ಕೆ ಮೂವತ್ತಮೂರಕ್ಕೇ ಏರುತ್ತದೆ, ಆಗ ಸಾಂದ್ರತೆಯೂ ಕೆಡುತ್ತದೆ, ಆ ಗ್ರಹ ಕಲ್ಲಿನದೋ ಅಥವಾ ಮೇಲೆ ದಪ್ಪ ಅನಿಲ ಹೊದ್ದುಕೊಂಡಿದೆಯೋ ಅನ್ನುವ ಮುಖ್ಯ ಪ್ರಶ್ನೆಗೇ ಉತ್ತರ ಸಿಗದೆ ಹೋಗುತ್ತದೆ.

ಇದು ಬರೀ ಲೆಕ್ಕದ ಚೌಕಾಸಿ ಅಲ್ಲ. ಭೂಮಿಯ ಒಂದೂವರೆಯಿಂದ ಎರಡು ಪಟ್ಟು ಅಗಲದ ನಡುವೆ ಗ್ರಹಗಳು ತೀರಾ ಕಮ್ಮಿ ಅಂತ 2017ರಲ್ಲಿ ಗೊತ್ತಾಯಿತು. ಅದಕ್ಕಿಂತ ಚಿಕ್ಕವು ಬೇಕಾದಷ್ಟಿವೆ, ದೊಡ್ಡವೂ ಬೇಕಾದಷ್ಟಿವೆ, ನಡುವೆ ಮಾತ್ರ ಹೆಚ್ಚೂಕಮ್ಮಿ ಖಾಲಿ. ಚಿಕ್ಕವು ಕಲ್ಲಿನವು, ದೊಡ್ಡವು ಅನಿಲ ಉಳಿಸಿಕೊಂಡವು ಅನ್ನುವುದು ಇದಕ್ಕೆ ಕೊಡುವ ವಿವರಣೆ. 2018ರಲ್ಲಿ ಕಂಪನದಿಂದ ಅಳೆದ ನಕ್ಷತ್ರಗಳ ಗ್ರಹಗಳನ್ನಷ್ಟೇ ಆರಿಸಿ ನೋಡಿದಾಗ ಆ ಖಾಲಿ ಜಾಗ ಇನ್ನೂ ನಿಚ್ಚಳವಾಗಿ ಕಂಡಿತು. ನಕ್ಷತ್ರದ ಅಳತೆ ಸರಿಯಾದರೆ ಎಂಥ ಫಲ ಸಿಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು.

ಪ್ರಶ್ನೆ: ನಾವು ಎಳನೀರು ವ್ಯಾಪಾರದವರು. ತಟ್ಟಿ ನೋಡಿ ಒಳಗೆ ಬರೀ ನೀರಿದೆಯಾ, ಗಂಜಿ ಕಟ್ಟಿದೆಯಾ ಅಂತ ಹೇಳುತ್ತೇವೆ. ನಕ್ಷತ್ರದ್ದೂ ಹಾಗೇನಾ? ಹಾಗಿದ್ದರೆ ಅದನ್ನು ತಟ್ಟುವವರು ಯಾರು?
(ಮದ್ದೂರು)

ಹಾಗೇ ಯಜಮಾನರೇ, ನೀವು ನೇರವಾಗಿ ವಿಷಯಕ್ಕೇ ಬಂದಿದ್ದೀರಿ. ಒಳಗೆ ಏನಿದೆ ಅನ್ನುವುದರ ಮೇಲೆ ಸದ್ದು ಬದಲಾಗುತ್ತದೆ. ನೀವು ಕಾಯಿ ಒಡೆಯದೇ ಒಳಗಿನದ್ದು ಹೇಳುತ್ತೀರಿ, ನಕ್ಷತ್ರವನ್ನಂತೂ ಒಡೆದು ನೋಡುವ ದಾರಿಯೇ ಇಲ್ಲ.

ತಟ್ಟುವುದು ನಕ್ಷತ್ರವೇ. ಸೂರ್ಯನ ಹೊರ ಭಾಗದಲ್ಲಿ ಬಿಸಿ ಅನಿಲ ಕುದಿಯುತ್ತಾ ಮೇಲೆ ಬರುತ್ತದೆ, ತಣ್ಣಗಾಗಿ ಕೆಳಗೆ ಇಳಿಯುತ್ತದೆ. ಈ ಗದ್ದಲದಲ್ಲಿ ಶಬ್ದದ ಅಲೆ ಹುಟ್ಟುತ್ತದೆ. ಆ ಅಲೆ ಒಳಗೆ ಹೋಗಿ, ತಿರುಗಿ ಮೇಲೆ ಬಂದು, ಮತ್ತೆ ಒಳಗೆ ಹೋಗಿ, ಹೀಗೇ ಓಡಾಡುತ್ತಿರುತ್ತದೆ. ಅದರಿಂದ ಇಡೀ ನಕ್ಷತ್ರ ಏರಿಳಿಯುತ್ತದೆ. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಹೀಗೆ ಏರಿಳಿಯುವುದನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ರಾಬರ್ಟ್ ಲೇಟನ್ ಮತ್ತು ಜೊತೆಗಾರರು ಕಂಡರು. ಇದು ಬರೀ ಮೇಲ್ಮೈಯ ಕುದಿತ ಅಲ್ಲ, ಒಳಗೆ ಸಿಕ್ಕಿಕೊಂಡ ಶಬ್ದದ ಅಲೆ ಅಂತ ರೋಜರ್ ಅಲ್ರಿಕ್ 1970ರಲ್ಲಿ ವಿವರಿಸಿದರು. ಐದು ವರ್ಷದ ಮೇಲೆ ವೀಕ್ಷಣೆಗಳು ಅದನ್ನೇ ತೋರಿಸಿದವು.

ಇದರಲ್ಲಿ ನಮ್ಮವರ ಪಾಲೂ ಇದೆ. ಸೂರ್ಯನ ಕಂಪನವನ್ನು ಬಿಡದೆ ನೋಡಬೇಕಾದರೆ ಭೂಮಿಯ ಯಾವುದೋ ಮೂಲೆಯಲ್ಲಿ ಯಾವಾಗಲೂ ಹಗಲಿರಬೇಕು. ಅದಕ್ಕೆ ಜಗತ್ತಿನ ಆರು ಕಡೆ ಒಂದೇ ಥರದ ಉಪಕರಣ ಇಟ್ಟಿದ್ದಾರೆ. ಆ ಆರರಲ್ಲಿ ಒಂದು ರಾಜಸ್ಥಾನದ ಉದಯಪುರದಲ್ಲಿದೆ. 1995ರಿಂದ ಆ ಜಾಲ ಕೆಲಸ ಮಾಡುತ್ತಿದೆ.

ಈಗ ಅಳತೆಯ ವಿಷಯ. ಸೂರ್ಯನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಶಬ್ದ ಹೋಗಿ ತಲುಪಲು ಸುಮಾರು ಎರಡು ಗಂಟೆ ಬೇಕು. ಈ ಹೊತ್ತು ನಕ್ಷತ್ರದ ಸರಾಸರಿ ಸಾಂದ್ರತೆಯ ಮೇಲೆ ನಿಂತಿದೆ. ಊದಿಕೊಂಡ, ಸಡಿಲವಾದ ನಕ್ಷತ್ರದಲ್ಲಿ ಜಾಸ್ತಿ ಹೊತ್ತು, ಗಟ್ಟಿಯಾದ ಪುಟ್ಟ ನಕ್ಷತ್ರದಲ್ಲಿ ಕಮ್ಮಿ ಹೊತ್ತು. ನಕ್ಷತ್ರದ ಬೆಳಕಿನ ಏರಿಳಿತದಲ್ಲಿ ಯಾವ ವೇಗದ ನಡುಕ ಎಷ್ಟಿದೆ ಅಂತ ಗ್ರಾಫ್ ಹಾಕಿದರೆ ಒಂದು ಕಡೆ ಉಬ್ಬು ಕಾಣುತ್ತದೆ. ಆ ಉಬ್ಬಿನೊಳಗೆ ಒಂದೇ ಅಂತರದಲ್ಲಿ ಮೊನೆಗಳು ಸಾಲಾಗಿ ನಿಂತಿರುತ್ತವೆ. ಮೊನೆಗಳ ಅಂತರ ಸರಾಸರಿ ಸಾಂದ್ರತೆಯನ್ನು ಹೇಳುತ್ತದೆ, ಉಬ್ಬಿನ ನಡುಭಾಗ ಎಲ್ಲಿದೆ ಅನ್ನುವುದು ಮೇಲ್ಮೈಯ ಗುರುತ್ವವನ್ನು ಹೇಳುತ್ತದೆ. ನಕ್ಷತ್ರದ ಬಣ್ಣದಿಂದಲೋ ರೋಹಿತದಿಂದಲೋ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಉಷ್ಣತೆ ಗೊತ್ತಾದರೆ, ಈ ಮೂರನ್ನೂ ಸೇರಿಸಿ ಅದರ ಅಗಲ ಮತ್ತು ತೂಕ ಎರಡನ್ನೂ ತೆಗೆಯಬಹುದು.

ಕೆಪ್ಲರ್ ದೂರದರ್ಶಕ 2009ರಲ್ಲಿ ಮೇಲೆ ಹೋದ ಮೇಲೆ ಈ ಕೆಲಸಕ್ಕೆ ನಿಜವಾದ ವೇಗ ಬಂತು. ಕೆಪ್ಲರ್-93ಬಿ ಅನ್ನುವ ಗ್ರಹದ ಉದಾಹರಣೆ ನೋಡಿ. ಅದರ ಅಡ್ಡಳತೆ ಸುಮಾರು 18,800 ಕಿ.ಮೀ., ಅಂದರೆ ಭೂಮಿಯ ಒಂದೂವರೆ ಪಟ್ಟಿಗೆ ಚೂರು ಕಮ್ಮಿ. 2014ರಲ್ಲಿ ಅದರ ತ್ರಿಜ್ಯವನ್ನು ಸುಮಾರು 120 ಕಿ.ಮೀ. ಆಚೀಚೆಯೊಳಗೆ ಅಳೆದರು. ಆ ಗ್ರಹವನ್ನು ಯಾರೂ ಕಂಡಿಲ್ಲ, ಅದರ ನಕ್ಷತ್ರವೂ ಬರಿಗಣ್ಣಿಗೆ ಕಾಣುವುದಿಲ್ಲ. ನಕ್ಷತ್ರದ ನಡುಕ ಸಿಕ್ಕಿದ್ದರಿಂದಲೇ ಇದು ಸಾಧ್ಯವಾಯಿತು.

ಪ್ರಶ್ನೆ: ಆಕಾಶದಲ್ಲಿ ಗಾಳಿಯೇ ಇಲ್ಲ ಅಂತ ಮಿಸ್ ಹೇಳಿದ್ದಾರೆ. ಹಾಗಿದ್ರೆ ನಕ್ಷತ್ರದ ಸದ್ದು ನಮಗೆ ಹೇಗೆ ಕೇಳಿಸುತ್ತೆ?
(7ನೇ ತರಗತಿ, ಶ್ರೀರಂಗಪಟ್ಟಣ)

ನಿಮ್ಮ ಮಿಸ್ ಹೇಳಿದ್ದು ಸರಿ ಪುಟ್ಟ. ಸದ್ದು ನಕ್ಷತ್ರದೊಳಗೇ ಉಳಿಯುತ್ತದೆ, ಹೊರಗೆ ಬರುವುದಿಲ್ಲ. ಆದರೆ ಅಲೆ ಬಂದಾಗ ನಕ್ಷತ್ರದ ಮೇಲ್ಮೈ ಒಂಚೂರು ಒತ್ತಿಕೊಂಡು ಬಿಸಿಯಾಗುತ್ತದೆ, ಆಮೇಲೆ ಸಡಿಲಾಗಿ ತಣ್ಣಗಾಗುತ್ತದೆ. ಬಿಸಿಯಾದಾಗ ಬೆಳಕು ಒಂದಿಷ್ಟು ಜಾಸ್ತಿ, ತಣ್ಣಗಾದಾಗ ಒಂದಿಷ್ಟು ಕಮ್ಮಿ. ಬೆಳಕಿಗೆ ಗಾಳಿ ಬೇಕಿಲ್ಲ ಅಲ್ವಾ? ಅದು ಬಂದು ನಮ್ಮ ದೂರದರ್ಶಕಕ್ಕೆ ಸುದ್ದಿ ಮುಟ್ಟಿಸುತ್ತದೆ.

ಹಾಗೇ ಕೇಳಿಸಿದ್ದರೂ ನಮ್ಮ ಕಿವಿಗೆ ಅದು ಸಿಗುತ್ತಿರಲಿಲ್ಲ. ನಮ್ಮ ಕಿವಿ ಹಿಡಿಯುವುದು ಸೆಕೆಂಡಿಗೆ 20 ಸಲಕ್ಕಿಂತ ಜಾಸ್ತಿ ನಡುಗುವ ಸದ್ದನ್ನು. ಸೂರ್ಯ ಒಂದು ಸಲ ನಡುಗಲು ಐದು ನಿಮಿಷ ತೆಗೆದುಕೊಳ್ಳುತ್ತಾನೆ. ಇಂಟರ್‌ನೆಟ್‌ನಲ್ಲಿ 'ಸೂರ್ಯನ ಸದ್ದು' ಅಂತ ಕೇಳಿಸುವುದೆಲ್ಲ ಇದನ್ನು ಸಾವಿರಾರು ಪಟ್ಟು ಜೋರಾಗಿ ಓಡಿಸಿ ಮಾಡಿದ್ದು.

ಪ್ರಶ್ನೆ: ಗ್ರಹ ಸುತ್ತುವಾಗ ನಕ್ಷತ್ರವನ್ನು ಎಳೆಯುವುದರಿಂದ ಅದು ಅಲುಗಾಡುತ್ತದೆ ಅಂತ ಓದಿದ್ದೇನೆ. ನೀವು ಹೇಳುವ ಕಂಪನ ಅದೇ ತಾನೇ?
(ಪಿಯುಸಿ ವಿದ್ಯಾರ್ಥಿನಿ, ಮಂಡ್ಯ)

ಅಲ್ಲಮ್ಮ, ಎರಡೂ ಬೇರೆ ಬೇರೆ. ಇದನ್ನು ನೀನು ಕೇಳಿದ್ದು ಒಳ್ಳೆಯದಾಯಿತು, ತುಂಬಾ ಜನ ಇಲ್ಲಿ ತೊಡಕು ಮಾಡಿಕೊಳ್ಳುತ್ತಾರೆ.

ಗ್ರಹ ಎಳೆದಾಗ ಇಡೀ ನಕ್ಷತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ಅದು ಗ್ರಹ ಒಂದು ಸುತ್ತು ಮುಗಿಸುವಷ್ಟು ಕಾಲ ತೆಗೆದುಕೊಳ್ಳುತ್ತದೆ. ಗುರು ಗ್ರಹದ ಎಳೆತಕ್ಕೆ ಸೂರ್ಯ ಸೆಕೆಂಡಿಗೆ 12 ಮೀಟರಿನಷ್ಟು ವೇಗದಲ್ಲಿ, ಸುಮಾರು ಹನ್ನೆರಡು ವರ್ಷಕ್ಕೊಂದು ಸುತ್ತು ಅಲುಗುತ್ತಾನೆ. ನಮ್ಮ ಭೂಮಿಯ ಎಳೆತಕ್ಕಾದರೆ ಸೆಕೆಂಡಿಗೆ 9 ಸೆಂಟಿಮೀಟರ್ ಅಷ್ಟೇ. ಕಂಪನದಲ್ಲಿ ನಕ್ಷತ್ರ ಎಲ್ಲಿಗೂ ಸರಿಯುವುದಿಲ್ಲ, ಇದ್ದಲ್ಲೇ ಉಬ್ಬಿ ಇಳಿಯುತ್ತದೆ. ಗ್ರಹ ಇಲ್ಲದ ನಕ್ಷತ್ರವೂ ನಡುಗುತ್ತದೆ. ಸೂರ್ಯನಲ್ಲಿ ಒಂದೊಂದು ಅಲೆಯ ವೇಗ ಹೆಚ್ಚೆಂದರೆ ಸೆಕೆಂಡಿಗೆ 20 ಸೆಂಟಿಮೀಟರಿನ ಆಸುಪಾಸು. ಐದು ನಿಮಿಷದ ಲೆಕ್ಕದಲ್ಲಿ ಅದು ಮೇಲ್ಮೈಯನ್ನು ಎತ್ತಿ ಇಳಿಸುವುದು ಹತ್ತು ಮೀಟರಿನಷ್ಟು, ಅದೂ ಏಳು ಲಕ್ಷ ಕಿ.ಮೀ. ತ್ರಿಜ್ಯದ ಸೂರ್ಯನಲ್ಲಿ.

ಈಗ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡು. ಭೂಮಿಯಂಥ ಗ್ರಹದ ಎಳೆತ 9 ಸೆಂಟಿಮೀಟರ್, ಒಂದು ಅಲೆಯ ನಡುಕವೇ ಅದರ ಎರಡು ಪಟ್ಟು, ಅಂಥ ಅಲೆಗಳು ಲೆಕ್ಕವಿಲ್ಲದಷ್ಟು ಒಟ್ಟಿಗೇ ಇರುತ್ತವೆ. ಹಾಗಾಗಿ ಎಳೆತ ಹುಡುಕುವವರಿಗೆ ಕಂಪನ ಒಂದು ಕಾಟ. ಹತ್ತು ಹದಿನೈದು ನಿಮಿಷ ಬೆಳಕು ಕೂಡಿಸಿಟ್ಟುಕೊಂಡು ಅದನ್ನು ಸರಾಸರಿಯಲ್ಲಿ ಕರಗಿಸಿಬಿಡುತ್ತಾರೆ. ಆದರೆ ಕೆಲವು ಸಲ ಒಂದೇ ಉಪಕರಣ ಎರಡೂ ಕೆಲಸಕ್ಕೆ ಬರುತ್ತದೆ. ಚಿಲಿ ದೇಶದಲ್ಲಿರುವ ಹಾರ್ಪ್ಸ್ ಅನ್ನುವ ಉಪಕರಣವನ್ನು ಗ್ರಹ ಹುಡುಕಲೆಂದೇ ಮಾಡಿದ್ದು. ಅದನ್ನು ಮ್ಯೂ ಅರೆ ಅನ್ನುವ, ಗ್ರಹಗಳಿರುವ ನಕ್ಷತ್ರದ ಕಡೆಗೆ ಎಂಟು ರಾತ್ರಿ ತಿರುಗಿಸಿಟ್ಟು 43 ಬಗೆಯ ಕಂಪನಗಳನ್ನು ಬಿಡಿಸಿ ತೆಗೆದರು. ಅದು 2005ರಲ್ಲಿ ಪ್ರಕಟವಾಯಿತು.

ಪ್ರಶ್ನೆ: ನಕ್ಷತ್ರದ ವಯಸ್ಸು ಇಷ್ಟು ಕೋಟಿ ವರ್ಷ ಅಂತ ಹೇಳುತ್ತಾರೆ. ಹುಟ್ಟಿದ ದಿನ ನೋಡಿದವರು ಯಾರೂ ಇಲ್ಲ. ಇದನ್ನು ನಂಬುವುದು ಹೇಗೆ?
(ರೈತರು, ಪಾಂಡವಪುರ)

ಕೇಳಲೇಬೇಕಾದ ಪ್ರಶ್ನೆ ಇದು. ನಿಜ ಹೇಳಬೇಕೆಂದರೆ, ಒಂಟಿ ನಕ್ಷತ್ರದ ವಯಸ್ಸು ಹೇಳುವುದು ಇಡೀ ಖಗೋಳ ವಿಜ್ಞಾನದಲ್ಲೇ ಕಷ್ಟದ ಕೆಲಸಗಳಲ್ಲಿ ಒಂದು. ಸೂರ್ಯನಂಥ ನಕ್ಷತ್ರ ನೂರಾರು ಕೋಟಿ ವರ್ಷ ಹೊರಗಿನಿಂದ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದೆಲ್ಲ ಒಳಗೆ, ನಟ್ಟನಡುವೆ.

ಅಲ್ಲಿ ಹೈಡ್ರೋಜನ್ ಉರಿದು ಹೀಲಿಯಂ ಆಗುತ್ತಿರುತ್ತದೆ. ಕಾಲ ಕಳೆದಂತೆ ನಡುವಿನಲ್ಲಿ ಹೀಲಿಯಂ ಜಾಸ್ತಿಯಾಗುತ್ತದೆ. ಹೀಲಿಯಂ ಭಾರ, ಅದರಲ್ಲಿ ಶಬ್ದ ನಿಧಾನವಾಗಿ ಓಡುತ್ತದೆ. ಎಲ್ಲ ಅಲೆಗಳೂ ನಡುವಿನವರೆಗೆ ಹೋಗುವುದಿಲ್ಲ, ಕೆಲವು ಅರ್ಧದಲ್ಲೇ ತಿರುಗುತ್ತವೆ, ಕೆಲವು ಮಾತ್ರ ನಡುವನ್ನು ಹಾದು ಬರುತ್ತವೆ. ಹಾದು ಬಂದದ್ದಕ್ಕೂ ಅರ್ಧದಲ್ಲಿ ತಿರುಗಿದ್ದಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಅಳೆದರೆ ನಡುವಿನಲ್ಲಿ ಎಷ್ಟು ಹೈಡ್ರೋಜನ್ ಖರ್ಚಾಗಿದೆ ಅಂತ ಗೊತ್ತಾಗುತ್ತದೆ. ಎಷ್ಟು ಖರ್ಚಾಗಿದೆ ಅಂತ ಗೊತ್ತಾದರೆ ಎಷ್ಟು ಕಾಲದಿಂದ ಉರಿಯುತ್ತಿದೆ ಅಂತ ಲೆಕ್ಕ ಹಾಕಬಹುದು.

ನಂಬುವುದು ಹೇಗೆ ಅಂದಿರಿ. ಈ ವಿಧಾನವನ್ನು ಮೊದಲು ಸೂರ್ಯನ ಮೇಲೇ ಪರೀಕ್ಷೆ ಮಾಡಿದರು. ಸೂರ್ಯನ ಜೊತೆಗೇ ಹುಟ್ಟಿದ ಉಲ್ಕಾಶಿಲೆಗಳು ನಮ್ಮ ಕೈಯಲ್ಲಿವೆ, ಪ್ರಯೋಗಾಲಯದಲ್ಲಿ ಅವುಗಳ ವಯಸ್ಸು ಸುಮಾರು 457 ಕೋಟಿ ವರ್ಷ ಅಂತ ಸಿಕ್ಕಿದೆ. ಸೂರ್ಯನ ಕಂಪನದಿಂದ ತೆಗೆದ ವಯಸ್ಸೂ ಅದಕ್ಕೆ ಹೊಂದುತ್ತದೆ. ಎರಡು ಬೇರೆ ಬೇರೆ ದಾರಿ, ಉತ್ತರ ಒಂದೇ. ನಂಬಲು ಇದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ ಅನ್ನಿಸುತ್ತದೆ. ಹಾಗಂತ ದೂರದ ನಕ್ಷತ್ರದ ವಯಸ್ಸು ಅಷ್ಟು ಕರಾರುವಾಕ್ಕಾಗಿ ಸಿಗುವುದಿಲ್ಲ, ಚೆನ್ನಾಗಿ ಅಳೆದ ನಕ್ಷತ್ರದಲ್ಲೂ ನೂರಕ್ಕೆ ಹತ್ತು ಹದಿನೈದರಷ್ಟು ಆಚೀಚೆ ಇರುತ್ತದೆ. ಬೇರೆ ವಿಧಾನಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ.

ಈ ದಾರಿಯಲ್ಲಿ ಸಿಕ್ಕಿದ್ದೇ ಕೆಪ್ಲರ್-444. ಲೈರಾ ಪುಂಜದಲ್ಲಿದೆ, ಅಂದರೆ ನಾವು ಅಭಿಜಿತ್ ಅನ್ನುವ ಹೊಳೆಯುವ ನಕ್ಷತ್ರ ಇರುವ ಕಡೆ. ಸುಮಾರು 117 ಜ್ಯೋತಿರ್ವರ್ಷ ದೂರ. ಅದರ ಸುತ್ತ ಐದು ಗ್ರಹಗಳಿವೆ, ಐದೂ ಭೂಮಿಗಿಂತ ಚಿಕ್ಕವು, ಐದೂ ಹತ್ತು ದಿನದೊಳಗೆ ಒಂದು ಸುತ್ತು ಮುಗಿಸುವಷ್ಟು ಹತ್ತಿರದಲ್ಲಿವೆ. ಆ ನಕ್ಷತ್ರದ ಕಂಪನದಿಂದ ತೆಗೆದ ವಯಸ್ಸು ಸುಮಾರು 1,120 ಕೋಟಿ ವರ್ಷ, ಆಚೀಚೆ ಒಂದು ನೂರು ಕೋಟಿ. 2015ರಲ್ಲಿ ಇದು ಪ್ರಕಟವಾಯಿತು. ವಿಶ್ವಕ್ಕೇ 1,380 ಕೋಟಿ ವರ್ಷ. ಗ್ರಹಗಳು ತಮ್ಮ ನಕ್ಷತ್ರದ ಜೊತೆಜೊತೆಗೇ ಹುಟ್ಟುತ್ತವೆ. ಅಂದರೆ ನಮ್ಮ ಸೂರ್ಯ ಹುಟ್ಟುವ ಆರುನೂರು ಕೋಟಿ ವರ್ಷಕ್ಕೂ ಮೊದಲೇ, ಕಬ್ಬಿಣದಂಥ ಭಾರದ ಧಾತುಗಳು ಇನ್ನೂ ಕಮ್ಮಿ ಇದ್ದ ಕಾಲದಲ್ಲೇ, ಪುಟ್ಟ ಗ್ರಹಗಳು ಆಗಲು ಶುರುವಾಗಿದ್ದವು. ವಯಸ್ಸು ತಿಳಿಯದೇ ಹೋಗಿದ್ದರೆ ಇದು ಪಟ್ಟಿಯಲ್ಲಿ ಇನ್ನೊಂದು ಹೆಸರಾಗಿ ಉಳಿಯುತ್ತಿತ್ತು.

ಪ್ರಶ್ನೆ: ಗ್ರಹಗಳೆಲ್ಲ ನಕ್ಷತ್ರ ತಿರುಗುವ ಸಮತಲದಲ್ಲೇ ಸುತ್ತಬೇಕಲ್ಲವೇ? ಓರೆಯಾಗಿ ಸುತ್ತುವುದು ಇದೆಯಾ? ಅದು ಗೊತ್ತಾಗುವುದು ಹೇಗೆ?
(ಗೃಹಿಣಿ, ನಂಜನಗೂಡು)

ನಮ್ಮ ಸೂರ್ಯ ಮತ್ತು ಗ್ರಹಗಳ ನಡುವೆ ಓರೆ ಕಮ್ಮಿ, ಏಳು ಡಿಗ್ರಿಯ ಆಸುಪಾಸು. ಎಲ್ಲ ಕಡೆ ಹಾಗಿಲ್ಲ ಮೇಡಂ.

ನಕ್ಷತ್ರ ತನ್ನ ಸುತ್ತ ತಾನೇ ತಿರುಗುವುದರಿಂದ ಕೆಲವು ಕಂಪನಗಳ ಮೊನೆ ಒಡೆದು ಮೂರಾಗುತ್ತದೆ. ನಾವು ನಕ್ಷತ್ರವನ್ನು ಅದರ ನಡುಸೊಂಟದ ಕಡೆಯಿಂದ ನೋಡುತ್ತಿದ್ದರೆ ಅಂಚಿನ ಎರಡು ಮೊನೆ ಕಾಣುತ್ತವೆ, ನಡುವಿನದು ಮಾಯ. ಅದರ ಧ್ರುವದ ಕಡೆಯಿಂದ ನೋಡುತ್ತಿದ್ದರೆ ನಡುವಿನದು ಮಾತ್ರ ಕಾಣುತ್ತದೆ. ಮೂರೂ ಕಂಡರೆ ಓರೆಯಾಗಿ ನೋಡುತ್ತಿದ್ದೇವೆ ಅಂತ ಅರ್ಥ.

ಕೆಪ್ಲರ್-56 ಅನ್ನುವ ಊದಿಕೊಂಡ ಕೆಂಪು ನಕ್ಷತ್ರದಲ್ಲಿ ಮೂರೂ ಕಂಡವು. ಅದರ ಎರಡು ಗ್ರಹಗಳು ನಮ್ಮ ಕಣ್ಣಿಗೆ ಅಡ್ಡವಾಗಿಯೇ ಹಾದುಹೋಗುತ್ತವೆ, ಅಂದರೆ ಅವುಗಳ ದಾರಿ ಓರೆಯಿಲ್ಲ. ಓರೆಯಾಗಿರುವುದು ನಕ್ಷತ್ರದ ಅಕ್ಷ, ಸುಮಾರು 45 ಡಿಗ್ರಿ. 2013ರಲ್ಲಿ ಇದನ್ನು ಪ್ರಕಟಿಸಿದವರು ದೂರದಲ್ಲಿ ಸುತ್ತುವ ಇನ್ನೊಂದು ಭಾರೀ ಕಾಯವೇ ಇದಕ್ಕೆ ಕಾರಣ ಇರಬೇಕು ಅಂದರು. ಒಂದು ಬಿಂದುವಾಗಿ ಕಾಣುವ ನಕ್ಷತ್ರ ಯಾವ ಕಡೆ ವಾಲಿದೆ ಅಂತ ಕೂಡಾ ಹೇಳಬಹುದು ಅನ್ನುವುದು ನನಗೆ ಈಗಲೂ ಸೋಜಿಗ.

ಪ್ರಶ್ನೆ: ನಡುಕವೂ ಸಿಕ್ಕಿ, ಗ್ರಹವೂ ಇರುವ ನಕ್ಷತ್ರ ಬರಿಗಣ್ಣಿಗೆ ಕಾಣುವಂಥದ್ದು ಯಾವುದಾದರೂ ಇದೆಯಾ?
(ಬೋಗಾದಿ, ಮೈಸೂರು)

ಇದೆ. ಪುನರ್ವಸುವಿನ ಜೋಡಿ ನಕ್ಷತ್ರಗಳಲ್ಲಿ ಹೆಚ್ಚು ಹೊಳೆಯುವುದು, ಪಾಲಕ್ಸ್. ಸುಮಾರು 34 ಜ್ಯೋತಿರ್ವರ್ಷ ದೂರ. ಜನವರಿ, ಫೆಬ್ರವರಿಯಲ್ಲಿ ರಾತ್ರಿ ಊಟ ಮುಗಿಸಿ ತಾರಸಿಗೆ ಹೋದರೆ ಪೂರ್ವದ ಕಡೆ ಎತ್ತರದಲ್ಲಿ ಎರಡು ನಕ್ಷತ್ರ ಅಕ್ಕಪಕ್ಕ ಕಾಣುತ್ತವೆ, ಅವುಗಳಲ್ಲಿ ಸ್ವಲ್ಪ ಕಿತ್ತಳೆ ಛಾಯೆಯದು ಇದು. ಸೂರ್ಯನ ಸುಮಾರು ಒಂಬತ್ತು ಪಟ್ಟು ಅಗಲ, ಹಾಗಾಗಿ ನಡುಕವೂ ನಿಧಾನ: ಒಂದು ಸಲಕ್ಕೆ ಮೂರು ಗಂಟೆಗೂ ಮೇಲೆ. ಸುಮಾರು 590 ದಿನಕ್ಕೊಂದು ಸುತ್ತು ಹಾಕುವ ಗ್ರಹ ಇದರ ಸುತ್ತ ಇದೆ ಅಂತ 2006ರಲ್ಲಿ ವರದಿ ಮಾಡಿದ್ದಾರೆ.

ಪ್ರಶ್ನೆ: ನಾವಿಬ್ಬರು ಎಂಜಿನಿಯರಿಂಗ್ ಓದುತ್ತಿದ್ದೇವೆ. ಕಾಲೇಜಿನಲ್ಲಿ ಆರು ಇಂಚಿನ ದೂರದರ್ಶಕ ಇದೆ. ಇದರಲ್ಲಿ ಕಂಪನ ಹಿಡಿಯಬಹುದಾ?
(ಮಂಡ್ಯ)

ಸೂರ್ಯನಂಥ ನಕ್ಷತ್ರದ್ದು ಆಗುವುದಿಲ್ಲ. ಒಂದೊಂದು ಅಲೆಗೆ ಬೆಳಕು ಬದಲಾಗುವುದು ಹತ್ತು ಲಕ್ಷದಲ್ಲಿ ಕೆಲವೇ ಪಾಲು. ನಮ್ಮ ತಲೆಯ ಮೇಲಿನ ಗಾಳಿ ನಕ್ಷತ್ರವನ್ನು ಮಿನುಗಿಸುವುದೇ ಅದಕ್ಕಿಂತ ಎಷ್ಟೋ ಜಾಸ್ತಿ. ಅದರ ಮೇಲೆ ಮಳೆಗಾಲದ ಮೋಡ, ಆಲೆಮನೆ ಹೊಗೆ, ಹೆದ್ದಾರಿಯ ದೀಪ.

ಆದರೆ ಸುಮ್ನೆ ಕೂರಬೇಕಾಗಿಲ್ಲ. ಕೆಪ್ಲರ್‌ನ ಮತ್ತು 2018ರಲ್ಲಿ ಹೋದ ಟೆಸ್ ಅನ್ನುವ ಇನ್ನೊಂದು ದೂರದರ್ಶಕದ ದತ್ತಾಂಶ ಪೂರ್ತಿ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪೈಥಾನ್ ಬರುತ್ತದೆ ತಾನೇ? ಲೈಟ್‌ಕರ್ವ್ ಅನ್ನುವ ಉಚಿತ ಪ್ಯಾಕೇಜ್ ಹಾಕಿಕೊಳ್ಳಿ. ಕಂಪನದ ಲೆಕ್ಕಕ್ಕೆ ಬೇಕಾದ ಸಲಕರಣೆ ಅದರಲ್ಲೇ ಇದೆ.

ಶುರು ಮಾಡುವಾಗ ಸೂರ್ಯನಂಥ ನಕ್ಷತ್ರ ಬೇಡ, ಕೆಂಪು ದೈತ್ಯ, ಅಂದರೆ ಊದಿಕೊಂಡ ಕೆಂಪು ನಕ್ಷತ್ರ ತೆಗೆದುಕೊಳ್ಳಿ. ಅದರ ಕಂಪನ ಗಂಟೆಗಟ್ಟಲೆ ನಡೆಯುವುದರಿಂದ ಕೆಪ್ಲರ್ ಅರ್ಧ ಗಂಟೆಗೊಮ್ಮೆ ದಾಖಲಿಸಿದ ಬೆಳಕಿನಲ್ಲೇ ಸಿಗುತ್ತದೆ, ಏರಿಳಿತವೂ ದೊಡ್ಡದು. ಸೂರ್ಯನಂಥದ್ದಕ್ಕೆ ನಿಮಿಷಕ್ಕೊಂದು ಅಳತೆ ಬೇಕು. ಕೆಪ್ಲರ್ ಒಂದು ಸಲಕ್ಕೆ 512 ಗುರಿಗಳನ್ನು ಮಾತ್ರ ಹಾಗೆ ನೋಡುತ್ತಿತ್ತು, ಲಕ್ಷಕ್ಕೂ ಮೇಲೆ ಇದ್ದ ಉಳಿದವಕ್ಕೆಲ್ಲ ಅರ್ಧ ಗಂಟೆಯ ಅಳತೆಯೇ ಗತಿ.

ಗ್ರಾಫಿನಲ್ಲಿ ಉಬ್ಬು ಸಿಕ್ಕಿತು ಅನ್ನಿ. ಅದರ ನಡು 90 ಮೈಕ್ರೋಹರ್ಟ್ಸ್ (ಅಂದರೆ ಹತ್ತು ಲಕ್ಷ ಸೆಕೆಂಡಿಗೆ 90 ಸಲ), ಮೊನೆಗಳ ಅಂತರ 7.5 ಮೈಕ್ರೋಹರ್ಟ್ಸ್, ನಕ್ಷತ್ರದ ಉಷ್ಣತೆ 4,800 ಕೆಲ್ವಿನ್. ಸೂರ್ಯನಿಗೆ ಇವೇ ಸುಮಾರು 3,090, 135 ಮತ್ತು 5,777. ಮೊದಲು ಮೂರಕ್ಕೂ ಅನುಪಾತ ತೆಗೆಯಿರಿ. ನಡುವಿನ ಅನುಪಾತವನ್ನು ಅಂತರದ ಅನುಪಾತದ ವರ್ಗದಿಂದ ಭಾಗಿಸಿ, ಉಷ್ಣತೆಯ ಅನುಪಾತದ ವರ್ಗಮೂಲದಿಂದ ಗುಣಿಸಿ. ಉತ್ತರ 8.6 ಬರುತ್ತದೆ. ಅಂದರೆ ಸೂರ್ಯನ ಎಂಟೂವರೆ ಪಟ್ಟಿಗಿಂತ ಚೂರು ಜಾಸ್ತಿ ಅಗಲದ ನಕ್ಷತ್ರ ಅದು. ಮಂಡ್ಯದಲ್ಲಿ ಕೂತು, ಒಂದು ಲ್ಯಾಪ್‌ಟಾಪ್‌ನಲ್ಲಿ.

ಒಂದು ಎಚ್ಚರಿಕೆ. ಈಗ ಗಯಾ ದೂರದರ್ಶಕ ನಕ್ಷತ್ರಗಳ ದೂರವನ್ನು ಚೆನ್ನಾಗಿ ಅಳೆದುಕೊಟ್ಟಿರುವುದರಿಂದ ಅಗಲವನ್ನು ಆ ದಾರಿಯಲ್ಲೂ ತೆಗೆಯಬಹುದು, ಹಾಗಾಗಿ ನಿಮ್ಮ ಉತ್ತರವನ್ನು ಅದರ ಜೊತೆ ತಾಳೆ ನೋಡಿ. ವಯಸ್ಸಿಗೆ ಮಾತ್ರ ಕಂಪನದಷ್ಟು ಒಳ್ಳೆ ದಾರಿ ಇಲ್ಲ. ಅದಕ್ಕೇ ಯುರೋಪಿನವರ ಪ್ಲೇಟೊ ಯೋಜನೆಯಲ್ಲಿ, ಗ್ರಹ ಹುಡುಕುವುದರ ಜೊತೆಗೆ ಅವುಗಳ ನಕ್ಷತ್ರದ ಕಂಪನ ಅಳೆಯುವುದನ್ನೂ ಮೊದಲಿನಿಂದಲೇ ಸೇರಿಸಿದ್ದಾರೆ, ಅದಕ್ಕೆ 26 ಕ್ಯಾಮೆರಾ ಇದೆ. ಇನ್ನು ತೀರಾ ಚಿಕ್ಕ ಕೆಂಪು ನಕ್ಷತ್ರಗಳನ್ನು ಹಿಡಿದುಕೊಂಡು ಕೂರಬೇಡಿ. ಅವುಗಳ ಸುತ್ತ ಗ್ರಹ ಬೇಕಾದಷ್ಟಿವೆ, ಆದರೆ ನಡುಕ ಈಗಿರುವ ಉಪಕರಣಗಳಿಗೆ ಸಿಗದಷ್ಟು ಸಣ್ಣದು.

ಇಬ್ಬರೂ ಒಂದೇ ನಕ್ಷತ್ರವನ್ನು ಬೇರೆ ಬೇರೆ ಕೂತು ಅಳೆಯಿರಿ, ಒಬ್ಬರ ಅಂಕಿ ಇನ್ನೊಬ್ಬರು ನೋಡಬೇಡಿ. ಆಮೇಲೆ ಎರಡೂ ಗ್ರಾಫ್ ನಮಗೆ ಕಳಿಸಿ. ಉತ್ತರ ಬೇರೆ ಬಂದರೂ ಕಳಿಸಿ, ಎಲ್ಲಿ ಬೇರೆಯಾಯಿತು ಅಂತ ಇದೇ ಪುಟದಲ್ಲಿ ಒಟ್ಟಿಗೆ ನೋಡೋಣ.